ಮುನ್ನೂರಾ ಎರಡು

ಟೇಪು ತಂದಿದ್ರು ಇವರು, ಬಡಿಗ್ಯಾನ ಕಡೆ ಇಸಕೊಂಡು.
ನಾ ತಂದದ್ದು ಕಿವಿ ಅಷ್ಟ.
ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಾಗ ಕುಂತು
ಬರೇ ಹಲೋ ಅನ್ನೂದ್ರಾಗ
ಸಾಲ ಐತೋ ಸಾವು ಐತೋ ತಿಳಕೊಂಡ ಕಿವಿ.

ಕೇಶ್ವಾಪುರದ ಆಚೆ. ಹೊಸಾ ಬಣ್ಣದ ವಾಸನಿ.
ಲಿಫ್ಟಿನಾಗ ಕನ್ನಡಿ, ಅದರಾಗ ನಾವಿಬ್ಬರು
ಮದುವಿ ಫೋಟೋದಾಗ ನಿಂತಂಗ, ನಡುವ ಗೇಣು ಬಿಟ್ಟು.
"ಕರೆಂಟ್ ಹೋದ್ರೂ ನಿಲ್ಲಂಗಿಲ್ರಿ ಅವ್ವಾರ,
ಜನರೇಟರ್ ಐತಿ," ಅಂದ ಬ್ರೋಕರ್ ಇಲಿಯಾಸ.
ಇವರು ಗಡಿಯಾರ ನೋಡಿದ್ರು.
ಹದಿನಾಲ್ಕು ಸೆಕೆಂಡು.
ಗೂಡ್ಸ್ ಗಾಡಿ ಗಾರ್ಡಾಗಿ ರಿಟೈರ್ ಆದವರು,
ತಡಾ ಆದದ್ದನ್ನ ಬರಕೊಳ್ಳದ ಬಿಡೂದಿಲ್ಲ.

ಹಾಲು, ಹನ್ನೆರಡು ಹದಿನಾಲ್ಕು.
ಮಲಗೂ ಖೋಲಿ, ಹತ್ತು ಹನ್ನೊಂದು.
ನಮ್ಮ ಸಾಗವಾನಿ ಮಂಚ ಒಳಗ ಬರತೈತಿ,
ಅದು ಬಂದಮ್ಯಾಲೆ ನಾವು ಬರೂದು ಹೆಂಗ?
"ಅಡ್ಡಡ್ಡ," ಅಂದ್ರು, "ಏಡಿಗತೆ."

ನೀರಿಂದು ಕೇಳಿದೆ.
"ಇಪ್ಪತ್ನಾಲ್ಕು ತಾಸು!" ಗಂಡು ಹುಟ್ಟಿದ ಸುದ್ದಿ ಹೇಳಿದಂಗ ಹೇಳಿದ.
ನಾ ಸುಮ್ಮನಾದೆ.
ನಮ್ಮ ಓಣ್ಯಾಗ ನೀರು ಎಂಟು ದಿನಕ್ಕೊಮ್ಮೆ.
ಸೋಮಾರ ಮಂಗಳಾರ ನಮಗ ಇಲ್ಲ,
ನೀರು ಬಂದ ದಿನ, ನೀರು ಬಂದ ಮರುದಿನ,
ಹಿಂಗ ಎಣಿಸಿದ್ದು ಅರವತ್ತು ವರ್ಷ.
ರಾತ್ರಿ ಎರಡಕ್ಕ ನಳ ಗೊರಗುಟ್ಟಿದ್ರ
ಓಣಿಗೆ ಓಣಿ ಎದ್ದು ಕೊಡಾ ಹಿಡಕೊಂಡು ಮಾತಾಡೂದು.
ಸಾವಂತ್ರಕ್ಕನ ಸೊಸಿ ಬಸುರಿ, ಹಾದಿಮನಿಯವರ ಕೋರ್ಟು,
ಎಲ್ಲಾ ನನಗ ಗೊತ್ತಾದದ್ದು ನಳದ ಮುಂದ.
ಇಪ್ಪತ್ನಾಲ್ಕು ತಾಸು ನೀರಿದ್ರ
ಯಾರು ಯಾರನ್ನ ಎಬ್ಬಸತಾರ?

ಇದನ್ನ ಬಾಯಿಬಿಟ್ಟು ಹೇಳಲಿಲ್ಲ.
ನಾಲ್ಕು ಡ್ರಮ್ಮು ಎರಡು ಹಂಡೆ ತುಂಬಿಸಿದ ನಡಾನೂ
ನನ್ನದ ಐತಿ.

ಸೆಕ್ರೆಟರಿ ಬಂದ್ರು, ದೇವರಮನಿ ಅಂತ.
ದನದ ಡಾಕ್ಟರ್ ಆಗಿದ್ರಂತ. ನಮ್ಮನ್ನೂ
ಹಲ್ಲು ನೋಡಿ ವಯಸ್ಸು ಹೇಳೂರ ಹಂಗ ನೋಡಿದ್ರು.
ಮೇಂಟೆನೆನ್ಸ್ ಎರಡೂವರಿ ಸಾವಿರ.
ಗಚ್ಚೀಮ್ಯಾಲೆ ಸಂಡಿಗಿ ಒಣಗಸಂಗಿಲ್ಲ.
"ಮತ್ತ... ನಿಮ್ಮ ಕಡೆ ಊಟ ಎಂಥಾದ್ದು?"
ದನಿ ತಗ್ಗಿಸಿ ಕೇಳಿದ್ರು, ರೋಗ ಕೇಳಿದಂಗ.
ಸಾವಜಿ ಮಂದಿ ನಾವು, ಅಡ್ಡಹೆಸರು ಹೇಳೂದ್ರಾಗ
ಮಸಾಲಿ ಹುರದ ವಾಸನಿ ಬರತೈತಿ ಊರಿಗೆ.
"ಬಿಸೀದು," ಅಂದೆ.
ಇಲಿಯಾಸ ಕಿಡಕಿ ಕಡೆ ಮಾರಿ ಮಾಡಿದ.
ಬೆನ್ನು ನಗತಿತ್ತು.

ಇವರು ಬಾಲ್ಕನಿಯಾಗ, ಗದಗ ಕಡೆ ಹಳಿ ಹುಡುಕಾಕ.
ಹಳಿ ಕಾಣಲಿಲ್ಲ. ಕಲ್ಯಾಣಮಂಟಪದ ಹಿತ್ತಲಾ,
ಬೋರಲಾಗಿ ಮಲಗಿದ ದೊಡ್ಡ ದೊಡ್ಡ ಬೋಗುಣಿ.
ಆದ್ರ ಕೂಗು ಕೇಳಿತು.
"ಲೇಟು!" ಅಂದ್ರು ಖುಷೀಲೆ. "ಹನ್ನೊಂದು ನಿಮಿಷ."

ಅಡಗಿಮನ್ಯಾಗ ನಾನೊಬ್ಬಾಕಿ.
ಕರೀ ಗ್ರಾನೈಟಿನ ತಳದಾಗ ನನ್ನ ಮಾರಿ.
ಆಗ, ಮ್ಯಾಲಿಂದ,
ಟಪ್ ಟಪ್ ಟಪ್.
ಇಲಿಯಾಸ ಗಾಬರಿಬಿದ್ದು ಓಡಿ ಬಂದ,
"ರಿಪೇರಿ ನಡದೈತ್ರಿ, ನಾಳೆ ಮುಗೀತೈತಿ."
ರಿಪೇರಿ ಅಲ್ಲೋ ತಮ್ಮಾ, ರೊಟ್ಟಿ.

ಕಣ್ಣು ಮುಚ್ಚಿದೆ, ಹೆಡ್‌ಫೋನು ಏರಿಸಿದಂಗ.
ಕಲ್ಲಿನ ಮ್ಯಾಲಲ್ಲ, ಮಣೀ ಮ್ಯಾಲೆ,
ಮಣೀದು ಒಂದು ಕಾಲು ಗಿಡ್ಡ.
ಏಳು ಬಡಿತಕ್ಕೊಮ್ಮೆ ನಿಲ್ಲತಾಳ, ರಟ್ಟಿ ನೋಯತಾವ.
ಒಂದು ಆತು.
ಎರಡು.
ಮೂರನೇದಕ್ಕ ಕಾದೆ.

ಕಾದೆ.

"ಮ್ಯಾಲೆ ಯಾರ ಇರತಾರ?" ದೇವರಮನಿಯವರನ್ನ ಕೇಳಿದೆ.
ಅವರು ತಲಿ ತುರಿಸಿಕೊಂಡ್ರು.
"ಹೆಸರು... ನಾನೂರಾ ಎರಡು ಅಂತೀವಿ ನಾವು."

ಇವರು ಅಂದ್ರು, ಮಂಚಕ್ಕ ಎರಡಿಂಚು ಕಮ್ಮಿ ಬೀಳತೈತಿ.
ನಾ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ.
ಟೇಪು ಸರ್ರಂತ ಡಬ್ಬ್ಯಾಗ ಹೋತು.
ಕೆಳಗ ಇಳ್ಯೂ ಗುಂಡಿ ಒತ್ತಿದ ಇಲಿಯಾಸ,
ನಾ ಮ್ಯಾಲಿಂದು ಒತ್ತಿದೆ.
ನಂಬರ್ ಸಿಕ್ಕೈತಿ,
ಲೈನ್ ಹಚ್ಚೂದು ನನಗ ಬರತೈತಿ.