ಭಾನುವಾರಕ್ಕೆ ಇನ್ನು ಮೂರು ರಾತ್ರಿ

ಕಾರ್ಬುರೇಟರ್ ಬಿಚ್ಚಿ ಊಟದ ತಟ್ಟೆಯಲ್ಲಿಟ್ಟಿದ್ದಾನೆ ಸೆಲ್ವಿನ್.
ಅಮ್ಮ ಬೈದದ್ದು ಕೇಳಿಸದು,
ಕಿವಿಯೊಳಗೆ ಆಗಲೇ ಹನ್ನೆರಡು ಬೈಕು.

ರಾಬರ್ಟ್‌ಸನ್‌ಪೇಟೆಯಾಚೆ, ಸೈನೈಡ್ ದಿಬ್ಬದ ಬುಡದಲ್ಲಿ
ಸೀಸನ್ನಿನ ಮೊದಲ ರೇಸಿಗೆ
ಸುಣ್ಣದ ಗೆರೆ ಎಳೆದಾಯಿತಂತೆ.
ಸಂಜೆ ಹೋಗಿ ನೋಡಿಬಂದೆ:
ಅರ್ಧ ಹೂತ ಟೈರುಗಳ ಮೂರನೇ ತಿರುವು,
ಹೋದ ವರ್ಷ ಇವನ ಹೆಗಲ ಮೂಳೆ ಮುರಿದ ಜಾಗ.
ಮಣ್ಣಿಗೇನೂ ನೆನಪಿಲ್ಲ.
ಟೈರಿನ ಮೇಲೆ ಒಂದು ಮೇಕೆ ನಿಂತಿತ್ತು.

ಸ್ಟಾಪ್‌ವಾಚು ನನ್ನ ಪಾಲಿನ ಕೆಲಸ.
ಚಾಪೆಯ ಮೇಲೆ ಕಣ್ಣು ಮುಚ್ಚಿ ಒತ್ತುತ್ತೇನೆ:
ಬಾವುಟ, ಧೂಳು,
ಮೊದಲನೇದು, ಎರಡನೇದು...
ಬೆರಳು ಅಲ್ಲೇ ನಿಂತುಬಿಡುತ್ತದೆ.

ನಾಳೆ ಚೈನಿಗೆ ಎಣ್ಣೆ, ಪ್ಲೇಟಿಗೆ ಬಣ್ಣ.
ಹಳೇ ನಂಬರು ಬೇಡ ಕಣೋ, ಅಂದಳು ಅಮ್ಮ.
ಅದೇ ಇರಲಿ, ಅಂದ.
ನಾನು ಏನೂ ಅನ್ನಲಿಲ್ಲ;
ವಾಚಿನ ಸೆಲ್ ತೆಗೆದು
ಅಂಗೈಯಲ್ಲಿ ಬೆಚ್ಚಗೆ ಮಾಡಿ
ಮತ್ತೆ ಹಾಕಿದೆ.