ಎಂಟನೆಯ ಸ್ಕ್ರೂ

ಮಂಗಳವಾರ ಅಂಗಡಿಗೆ ರಜೆ.
ಅಡುಗೆಮನೆಯ ಮೇಜಿಗೆ ಹಳೆಯ ಲೈನಿಂಗ್ ಬಟ್ಟೆ ಹಾಸಿ
ಅದನ್ನು ಮಲಗಿಸಿದ್ದೇನೆ:
ಮೊಣಕೈಯುದ್ದದ ವ್ಯಾಕ್ಯೂಮ್, ವೈರಿಲ್ಲದ್ದು.
ಒತ್ತಿದರೆ ಒಂದು ಉಸಿರು ಎಳೆದು
ಕೆಂಪು ದೀಪ ಮಿಟುಕಿಸಿ
ಸುಮ್ಮನಾಗುತ್ತದೆ.

"ಬಿಸಾಡಿ ಅಕ್ಕ, ಇದರ ಬ್ಯಾಟರಿ ಗೋಣಿಕೊಪ್ಪದಲ್ಲಿಲ್ಲ,
ಮೈಸೂರಲ್ಲಿ ಸಿಕ್ಕರೂ ಹೊಸದರ ರೇಟು"
ಎಂದಿದ್ದ ಮೊಬೈಲ್ ಅಂಗಡಿಯ ಸಾದಿಖ್,
ತೆರೆದೂ ನೋಡದೆ.
ನಾನು ಇಪ್ಪತ್ತಾರು ವರ್ಷದಿಂದ ಹೊಲಿಯುವವಳು.
ಅರ್ಧ ಸಂಪಾದನೆ ಬಿಚ್ಚಿದ್ದರಲ್ಲೇ ಬಂದದ್ದು.

ಏಳು ಸ್ಕ್ರೂ ಬಂದವು, ಬಾಬಿನ್ ಡಬ್ಬಿಯ ಮುಚ್ಚಳಕ್ಕೆ ಬಿದ್ದವು.
ಆದರೂ ಬಾಯಿ ಬಿಡದು.
ಚೆನ್ನಾಗಿ ಹೊಲಿದವನು ಗಂಟನ್ನು ಕಾಣದ ಕಡೆ ಹಾಕಿರುತ್ತಾನೆ.
ಬೆರಳಾಡಿಸಿದೆ.
ಸ್ಟಿಕ್ಕರಿನ ಕೆಳಗೆ ಒಂದು ಸಣ್ಣ ಕುಳಿ.
'ಇದನ್ನು ಕಿತ್ತರೆ ವಾರಂಟಿ ಇಲ್ಲ' ಎಂದು ಬರೆದಿತ್ತು.
ವಾರಂಟಿ ಮುಗಿದು ಎರಡು ಹುತ್ತರಿ ಕಳೆದಿತ್ತು.
ಕಿತ್ತೆ.

ಫಿಲ್ಟರಿನ ಮಡಿಕೆ ಮಡಿಕೆಯಲ್ಲೂ
ನನ್ನದೇ ಅಂಗಡಿ.
ಕುಪ್ಯದ ಕಪ್ಪು ಜುಂಗು, ಚೇಲೆಯ ಜರಿಯ ಚೂರು,
ಯೂನಿಫಾರ್ಮಿನ ನೀಲಿ, ಅರ್ಧ ಗುಂಡಿ,
ನಮ್ಮ ಪೀಕುವಿನ ಕೂದಲು,
ಎಲ್ಲಿಂದಲೋ ಒಂದು ಏಲಕ್ಕಿ ಕಾಳು.
ಕಪ್ಪೇ ಹೆಚ್ಚು.
ಅದರಲ್ಲೂ ಬಹುಪಾಲು ಉತ್ತಯ್ಯ ಮಾಸ್ಟರದು.
ಮೊಮ್ಮಗಳ ಮದುವೆಗೆಂದು ಅಳತೆ ಕೊಟ್ಟವರು
ಟ್ರಯಲ್ಲಿಗೆ ಬಂದಾಗ ಎರಡಿಂಚು ಇಳಿದಿದ್ದರು.
ಒಳಗೆ ಹಿಡಿದೆ, ಮಿಕ್ಕದ್ದು ಕತ್ತರಿಸಿದೆ.
ಮತ್ತೆ ಬಂದರು. ಮತ್ತೆ ಹಿಡಿದೆ.
"ನಿನ್ನ ಟೇಪೇ ಹಿಗ್ಗುತ್ತಿದೆ ಮಾರಾಯ್ತಿ" ಎಂದು ನಕ್ಕರು.
ಮದುವೆಯ ದಿನ ಪೀಚೆಕತ್ತಿ ನಿಲ್ಲಲು
ಚೇಲೆಯನ್ನು ಇನ್ನೊಂದು ಸುತ್ತು ಸುತ್ತಬೇಕಾಯಿತಂತೆ.
ಆಮೇಲೆ ಅಳತೆಯ ಮಾತು ಬರಲಿಲ್ಲ.

ಫಿಲ್ಟರನ್ನು ಹಿತ್ತಿಲ ಮೆಟ್ಟಿಲಿಗೆ ಕುಟ್ಟಿದೆ.
ಹಾರಲಿಲ್ಲ, ಉಂಡೆಯಾಗಿ ಬಿತ್ತು.
ಪೀಕು ಬಂದು ಮೂಸಿ, ಸೀನಿ, ಹೋಯಿತು.

ಬ್ಯಾಟರಿ ಎಂದರೆ ಮೂರು ಸೆಲ್ಲು,
ನೀಲಿ ಪ್ಲಾಸ್ಟಿಕ್ ಅಂಗಿಯೊಳಗೆ ಒತ್ತೊತ್ತಾಗಿ.
ಮೀಟರು ಇಟ್ಟೆ: ಮೂರೂವರೆ, ಮೂರೂವರೆ,
ಕೊನೆಯದು ಸೊನ್ನೆಯ ಪಕ್ಕದ ಮನೆ.
ಒಂದು ಕೈ ಬಿಟ್ಟದ್ದಕ್ಕೆ
ಉಳಿದೆರಡೂ ಸೋಮಾರಿಗಳೆನಿಸಿದ್ದವು.

ಮೈದುನ ತಿಲಕನ ಟಾರ್ಚ್ ನೆನಪಾಯಿತು,
ತಿತಿಮತಿ ರಸ್ತೆಯಲ್ಲಿ ಆನೆ ಕಂಡು
ಬೈಕು ಬಿಟ್ಟು ಓಡಿದ ರಾತ್ರಿ ಒಡೆದದ್ದು.
ಗಾಜು ಹೋಗಿತ್ತು, ಸೆಲ್ಲು ಹೋಗಿರಲಿಲ್ಲ.
"ಆನೆ ಮುಖಕ್ಕೇ ಬೆಳಕು ಬಿಟ್ಟ ಸೆಲ್ಲು ಅತ್ತಿಗೆ,
ಕಸ ಗುಡಿಸಲು ಒಪ್ಪುತ್ತೋ ಕೇಳಿ ನೋಡಿ"
ಎಂದ ಫೋನಿನಲ್ಲಿ.

ಒಂದು ತುದಿ ಬೆಸೆದೆ.
ಇನ್ನೊಂದಕ್ಕೆ ಸೀಸ ಹಿಡಿಯುವಷ್ಟರಲ್ಲಿ ಕರೆಂಟು ಹೋಯಿತು.
ಲೈನ್‌ಮನ್ ಫೋನು ಎತ್ತುವವನಲ್ಲ.
ಮೂಲೆಯಲ್ಲಿ ಅತ್ತೆಯ ಕಾಲದ ಇಸ್ತ್ರಿಪೆಟ್ಟಿಗೆ,
ಕುಪ್ಯದ ಕಾಲರಿಗೆ ಈಗಲೂ ಅದೇ ಬೇಕು ನನಗೆ.
ಚಿಪ್ಪಿನ ಕೆಂಡ ತುಂಬಿದೆ, ಊದಿದೆ,
ಬೆಸುಗೆ ಕಡ್ಡಿಯ ಮೂತಿಯನ್ನು ಅದರೊಳಗೆ ತೂರಿಸಿದೆ.
ಪ್ಲಸ್ಸು ಮೈನಸ್ಸು ಎರಡು ಸಲ ಓದಿಕೊಂಡೆ.
ಸೆಲ್ಲಿಗೆ ಬಿಸಿ ಹೆಚ್ಚಾದರೆ ಅಪಾಯ;
ರೇಷ್ಮೆಗೆ ಇಸ್ತ್ರಿ ಮುಟ್ಟಿಸುವಷ್ಟೇ ಹೊತ್ತು
ಮುಟ್ಟಿಸಿದೆ.
ಸೀಸ ಕರಗಿ, ಹೊಳೆದು, ಮಬ್ಬಾಗಿ ಕೂತಿತು.

ಮುಚ್ಚಿ ಏಳು ಸ್ಕ್ರೂ ಬಿಗಿದೆ.
ಎಂಟನೆಯದಕ್ಕೆ ಮೊದಲು ಒಮ್ಮೆ ನೋಡೋಣವೆಂದು ಒತ್ತಿದೆ.

ಫ್ರಿಡ್ಜು ಸುಮ್ಮನಿದೆ, ಫ್ಯಾನು ಸುಮ್ಮನಿದೆ,
ಪಕ್ಕದ ಮನೆಯ ಟಿವಿಯೂ.
ಇದೊಂದು ಗುಂಯ್ ಎಂದು ಎದ್ದು ನಿಂತಿತು,
ಎದ್ದ ರಭಸಕ್ಕೆ ಮುಚ್ಚಳದಲ್ಲಿದ್ದ ಎಂಟನೆಯ ಸ್ಕ್ರೂ
ಟಣ್!
ಒಳಗೆ.

ಡಬ್ಬಿ ಕಳಚಿದರೆ ಕೈಗೇ ಸಿಗುತ್ತದೆ, ಗೊತ್ತು.
ಇರಲಿ, ಆಮೇಲೆ.
ಕಟಕಟ ಎನ್ನುತ್ತ ನಾವಿಬ್ಬರೂ
ಮೇಜಿನ ಕೆಳಗಿನ ದಾರದ ಚೂರುಗಳ ಕಡೆ ಹೊರಟೆವು.