ಅರವತ್ತೊಂಬತ್ತು

ಇನಾಸ್ ಮಾಮ ಎಂಬತ್ತೆರಡು ಮೆಟ್ಟಿಲು ಹತ್ತುತ್ತಿದ್ದ,
ಸೋಮವಾರ, ಗುರುವಾರ; ಒಂದು ಕೈಯಲ್ಲಿ ಎಣ್ಣೆಗಿಂಡಿ,
ಇನ್ನೊಂದರಲ್ಲಿ ನನ್ನ ರಟ್ಟೆ.
ಮೇಲೆ, ಪಾರಿವಾಳದ ಹಿಕ್ಕೆಯಾಚೆ,
ಶಿವಮೊಗ್ಗೆಯ ಹೊತ್ತು ಹಲ್ಲು ಕಚ್ಚಿಕೊಂಡು ಕೂತಿತ್ತು.

ಎರಡು ಗುಂಡು. ಒಂದರ ಭಾರಕ್ಕೆ ಮುಳ್ಳು ನಡೆಯುತ್ತದೆ,
ಇನ್ನೊಂದರ ಭಾರಕ್ಕೆ ಗಂಟೆ ನುಡಿಯುತ್ತದೆ.
"ಒಂದೇ ಮನೆಯ ಅಣ್ಣತಮ್ಮ," ಅನ್ನುತ್ತಿದ್ದ, "ಮಾತಿಲ್ಲ.
ಗಂಟೆಗೊಮ್ಮೆ ಒಬ್ಬ ಇನ್ನೊಬ್ಬನ ಪಕ್ಕೆ ತಿವಿಯುತ್ತಾನೆ, ಅಷ್ಟೆ.
ಎಷ್ಟು ಹೊಡೆಯಬೇಕೆಂದು ಹೇಳುವುದಿಲ್ಲ."
ಹೇಳುವುದು ಒಂದು ಚಕ್ರ. ಅಂಚಿನಲ್ಲಿ ಕಚ್ಚುಗಳು,
ಕಚ್ಚಿನಿಂದ ಕಚ್ಚಿಗೆ ಒಂದರಷ್ಟು, ಎರಡರಷ್ಟು, ಮೂರರಷ್ಟು ದೂರ.
ಮುಳ್ಳು ಎಲ್ಲಿದೆಯೆಂದು ತಿರುಗಿಯೂ ನೋಡದ ಚಕ್ರ.

ಲೋಲಕದ ತಲೆಯ ಮೇಲೆ ತೂತಿನ ಕಾಸುಗಳು,
ಪೇಟೆಯಲ್ಲಿ ಯಾರೂ ಮುಟ್ಟದವು.
ಹೊತ್ತು ಹಿಂದೆ ಬಿದ್ದರೆ ಒಂದು ಇಡು,
ಮುಂದೆ ಓಡಿದರೆ ಒಂದು ತೆಗೆ.
ಒಂದು ಕಾಸಿಗೆ ದಿನಕ್ಕೆ ಅರ್ಧ ಸೆಕೆಂಡು.

ಗಂಟೆಯೋ, ಎರಡನೇ ವರ್ಷಕ್ಕೇ ಬಿರಿದದ್ದು.
ಹೊಸದು ಎರೆಯಲು ದುಡ್ಡಿಲ್ಲದೆ ಕಾಲು ಸುತ್ತು ತಿರುಗಿಸಿ
ಹಗುರ ಸುತ್ತಿಗೆ ಇಟ್ಟರಂತೆ.
ಅಂದಿನಿಂದ ಅದು ಮೂಗಿನಲ್ಲಿ ಮಾತಾಡುತ್ತದೆ,
ನೆಗಡಿಯಾದ ಶಾನುಭೋಗರ ಹಾಗೆ.
ಹೊಳೆಯಾಚೆಗೂ ಗುರುತು ಸಿಗುತ್ತಿತ್ತು.

ಆ ಸಂಜೆ ಸುತ್ತಿಗೆಗೆ ಗೋಣಿ ಸುತ್ತಿದ್ದ ಮಾಮ.
ಕೆಳಗಿನ ಓಣಿಯಲ್ಲಿ ಮಾಬೂಬಿಗೆ ಎರಡು ದಿನದ ಬೇನೆ;
ಹೆರುವವರಿಗೂ ಸಾಯುವವರಿಗೂ ಹೊತ್ತು ಹೇಳಬಾರದು,
ಅದು ಅವನದೇ ಕಾಯಿದೆ, ಪುರಸಭೆಯದಲ್ಲ.
ಬೀಡಿಗೆಂದು ಅವನು ಕೆಳಗಿಳಿದಾಗ
ನಾನು ಸನ್ನೆಕೋಲನ್ನು ಮೂರು ಸಲ ಎತ್ತಿದೆ.
ಗೋಣಿಯೊಳಗೆ ಪೆಟ್ಟುಗಳು ಬೆಕ್ಕಿನ ಹೆಜ್ಜೆ.

ಹನ್ನೆರಡೂವರೆಗೆ ಕೂಸು ಅತ್ತಿತು. ಮಾಮ ಗೋಣಿ ಬಿಚ್ಚಿದ.
ಒಂದಕ್ಕೆ ಗಂಟೆ ನಾಲ್ಕು ಹೊಡೆಯಿತು.

ಕತ್ತಲಲ್ಲಿ ಮುಳ್ಳನ್ನು ಯಾರು ನೋಡುತ್ತಾರೆ?
ಗೌಸನ ಬೇಕರಿಯಲ್ಲಿ ಒಲೆ ಹೊತ್ತಿತು.
ಕೋಟೆ ಕಡೆಯ ಹೆಂಗಸರು ತುಂಗೆಗಿಳಿದು
ಬೆಳ್ಳಿ ಮೂಡಿತೇ ಎಂದು ಹುಡುಕಿ, ಕಾಣದೆ, ಹೇಗೂ ಮುಳುಗಿದರು.
ಮಂಡ್ಲಿಯ ಹಾಲಿನವ ಕರೆಯಲು ಕೂತರೆ ಎಮ್ಮೆ ಒದೆಯಿತು.
ಇಡೀ ಊರಲ್ಲಿ ಗಂಟೆಯನ್ನು ನಂಬದೆ ಇದ್ದದ್ದು ಅದೊಂದೇ.

ಆ ಚಕ್ರಕ್ಕೆ ಹಿಂದೆ ತಿರುಗುವುದು ಗೊತ್ತಿಲ್ಲ.
ಸರಿಮಾಡುವುದಾದರೆ ಮುಂದಕ್ಕೇ:
ಐದು ಹೊಡೆಸು, ಆರು, ಏಳು, ಹನ್ನೆರಡರವರೆಗೆ, ಮತ್ತೆ ಒಂದು.
ಮಾಮ ಸನ್ನೆಕೋಲು ಎತ್ತಿದ, ಎತ್ತಿದ, ನನಗೆ "ಎಣಿಸು" ಅಂದ.
ಅರವತ್ತೊಂಬತ್ತು.
ಕಿಟಕಿಗಳಲ್ಲಿ ದೀಪ, ದೀಪಗಳ ಹಿಂದೆ ಬೈಗುಳ.
ಕೆಳಗೆ ಮಾಬೂಬಿಯ ಗಂಡ, ಇದೆಲ್ಲ ತನ್ನ ಮಗಳಿಗೇ ಎಂದುಕೊಂಡು,
ಗೌಸನ ಬನ್ನು ಹಂಚುತ್ತಿದ್ದ, ಕೈ ಸುಡುವಂಥದು.

ಯಾರು ಮಾಡಿದ್ದೆಂದು ಮಾಮ ಕೇಳಲಿಲ್ಲ.
ಇಳಿಯುವಾಗ ಲೋಲಕದಿಂದ ಒಂದು ಕಾಸು ಎತ್ತಿಕೊಂಡಿದ್ದೆ,
ಅದನ್ನೂ ಕೇಳಲಿಲ್ಲ.
ಇಲ್ಲೇ ಇದೆ, ಮೇಜಿನ ಮೇಲೆ,
ತೂತಿನ ಸುತ್ತ ಸ್ವಲ್ಪ ಸವೆದು.
ದಿನಕ್ಕೆ ಅರ್ಧ ಸೆಕೆಂಡು, ಐವತ್ತೊಂದು ವರ್ಷ.
ಅವನು ಮಾರನೆಯ ಗುರುವಾರ ಇನ್ನೊಂದು ಇಟ್ಟನೋ,
ಊರನ್ನು ಅಷ್ಟು ಹಿಂದೆಯೇ ಬಿಟ್ಟನೋ.